ಬೆವರಿದ ದೋಸೆ

ಮೊನ್ನೆ ತುಮಕೂರಿನ ಮಂಡಿಪೇಟೆ ತಿರುವಿನಲ್ಲಿ ಒಬ್ಬ ಅಜ್ಜಿ ಮುತ್ತುಗದ ಎಲೆ ಗುಡ್ಡೆ ಹಾಕಿಕೊಂಡು ಕೂತಿದ್ದಳು. ದೇವರಾಯನದುರ್ಗದ ಕಡೆಯವಳಂತೆ. ಈಗ ಆ ಎಲೆ ಯಾರಿಗೆ ಬೇಕು... ಎಲ್ಲಾ ಹೋಟೆಲಿನಲ್ಲೂ ಬೆಳ್ಳಿ ಬಣ್ಣದ ಹಾಳೆ, ಪ್ಲಾಸ್ಟಿಕ್ ಡಬ್ಬಿ. ಒಂದು ಕಟ್ಟು ಎತ್ತಿ ಮೂಗಿಗೆ ಹಿಡಿದೆ. ಒಣಗಿದ ಎಲೆಗೆ ಅಂಥ ವಾಸನೆಯೇನೂ ಇರುವುದಿಲ್ಲ, ಅದಕ್ಕೆ ಬಿಸಿ ತಾಗಬೇಕು, ಆವಿ ಕೂರಬೇಕು. ಆದರೂ ನನ್ನ ಮೂಗಿಗೆ ಬಂತು. ಎಲೆಯದು, ಅದರ ಹಿಂದೆಯೇ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್‌ದು. ಪೇಂಟರ್ ಅಣ್ಣನ ಕೈಯ ವಾಸನೆ.

ಅವನು ನಮ್ಮ ವಠಾರದಲ್ಲಿ ಪಕ್ಕದ ಮನೆಯವನು. ಅಂಗಡಿ, ಹೋಟೆಲುಗಳಿಗೆ ಬೋರ್ಡ್ ಬರೆಯುತ್ತಿದ್ದ. ತುಮಕೂರು, ಗುಬ್ಬಿ, ಕುಣಿಗಲ್ಲು, ಈ ಮೂರು ಊರಿನಲ್ಲಿ ‘ಬಿಸಿ ಬಿಸಿ ದೋಸೆ’ ಅಂತ ಕೆಂಪಕ್ಷರ ಎಲ್ಲೇ ಕಂಡರೂ ಅದು ಅವನ ಕೈಬರಹವೇ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಕೆಲಸ ಮಾಡುತ್ತಿದ್ದೆ. ನಾನು ಕಡೆದ ಶಾಫ್ಟನ್ನು ಯಾರೂ ವಾಪಸು ಕಳಿಸಿದ್ದಿಲ್ಲ, ಇದನ್ನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಸಾಲದ್ದಕ್ಕೆ ಒಂದು ಹಳೇ ಸ್ಕೂಟರ್ ಬೇರೆ ಇತ್ತು. ವಠಾರಕ್ಕೆಲ್ಲ ಅದೊಂದೇ ಗಾಡಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಣ್ಣನ ಹೆಂಡತಿಗೆ, ನಾನು ಅತ್ತಿಗೆ ಅನ್ನುತ್ತಿದ್ದೆ, ಮೊದಲನೇ ಕೂಸು ಹುಟ್ಟುತ್ತಲೇ ಹೋಯಿತು. ಆಸ್ಪತ್ರೆಯಿಂದ ಬಂದವರು ಗೋಡೆ ಕಡೆ ತಿರುಗಿ ಮಲಗಿದರು. ಅನ್ನ ಬೇಡ, ಗಂಜಿ ಬೇಡ, ಹಾಲು ಬೇಡ. ಎರಡು ಗುಟುಕು ಸಕ್ಕರೆ ನೀರು ಇಳಿದರೆ ಹೆಚ್ಚು, ಬಲವಂತ ಮಾಡಿದರೆ ವಾಂತಿ. ಕೈಬಳೆ ಮೊಣಕೈವರೆಗೂ ಸರಾಗ ಜಾರುತ್ತಿತ್ತು. ಡಾಕ್ಟರು ಅಣ್ಣನನ್ನು ಹೊರಗೆ ಕರೆದು, “ಏನಾದ್ರೂ ಹೊಟ್ಟೆಗೆ ಹೋದ್ರೆ ಉಳೀತಾರೆ. ಅದಕ್ಕೆ ನನ್ನತ್ರ ಇಂಜೆಕ್ಷನ್ ಇಲ್ಲಪ್ಪ,” ಅಂದರು.

ಆ ಸಾಯಂಕಾಲ ಅಣ್ಣ ನಲ್ಲಿ ಕಟ್ಟೆ ಹತ್ತಿರ ನನ್ನ ತೋಳು ಹಿಡಿದ. “ಬಾಯ್ ಬುಟ್ಟವ್ಳೆ ಕಣೋ. ದೋಸೆ ಬೇಕಂತೆ.”

“ಯಾವ ಹೋಟ್ಲುದು?”

“ಅದೇ ಗೊತ್ತಿಲ್ಲ. ಅವ್ರಪ್ಪ ತಂದ್ಕೊಡ್ತಿದ್ನಂತೆ, ಚಿಕ್ಕೋಳಿದ್ದಾಗ. ಆವಯ್ಯ ಕೊಬ್ಬರಿ ಗಾಡಿ ಹೊಡ್ಕಂಡು ಇಲ್ಲಿಗೂ ಬರ್ತಿದ್ದ, ಗುಬ್ಬಿಗೂ ಹೋಗ್ತಿದ್ದ, ಕುಣಿಗಲ್ಗೂ ಹೋಗ್ತಿದ್ದ. ಈಗ ಕೇಳಾನ ಅಂದ್ರೆ ಅವನೇ ಇಲ್ಲ.”

ಹೀಗೆ ಶುರುವಾಯಿತು ನಮ್ಮ ದೋಸೆ ಬೇಟೆ. ಶಿಫ್ಟು ಮುಗಿಸಿ ಬಂದವನೇ ಸ್ಕೂಟರ್ ಒದೆಯುತ್ತಿದ್ದೆ, ಅಣ್ಣ ಹಿಂದೆ ಕೂರುತ್ತಿದ್ದ. ಹೋಟೆಲಿನಲ್ಲಿ ಅವನು ದೋಸೆ ಮುಟ್ಟುತ್ತಿರಲಿಲ್ಲ. ಅವಳು ತಿನ್ನುವ ತನಕ ನನ್ನ ಬಾಯಿಗೂ ಬೇಡ ಅಂತ ಹಟ. ನನಗೆ ತಿನ್ನಿಸಿ ಎದುರಿಗೆ ನೀರು ಕುಡಿಯುತ್ತಾ ಕೂತು, ಒಂದೊಂದು ತುತ್ತಿಗೂ ನನ್ನ ಮುಖ ನೋಡುತ್ತಿದ್ದ. “ಹೇಳೋ, ಹೆಂಗೈತೆ?” ನಾನು ಜಂಬದಿಂದ ತೀರ್ಪು ಕೊಡುತ್ತಿದ್ದೆ. ಉದ್ದು ಜಾಸ್ತಿ, ಹುಳಿ ಕಮ್ಮಿ, ಕಲ್ಲು ಕಾಯುವ ಮೊದಲೇ ಹುಯ್ದವ್ನೆ. ಚೆನ್ನಾಗಿದೆ ಅಂದರೆ ಮಾತ್ರ ಇನ್ನೊಂದು ಪಾರ್ಸೆಲ್.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಸಪ್ಲೈಯರ್ ಒಮ್ಮೆ, “ಏನಣ್ಣ, ನೀನ್ ಮಾತ್ರ ನೀರು ಕುಡ್ಕಂಡು ಇವನನ್ನ ಮೇಯಿಸ್ತಿದೀಯಾ? ಸಂತೆಗೇನಾರ ಹೊಡೀತೀಯ?” ಅಂದ. ಸುತ್ತಲಿದ್ದವರು ನಕ್ಕರು. ಅಣ್ಣನೂ ನಕ್ಕ. ನಕ್ಕು, ಲೋಟಕ್ಕೆ ಮತ್ತೆ ನೀರು ತುಂಬಿಸಿಕೊಂಡ.

ಮನೆಗೆ ತಂದರೆ ಅತ್ತಿಗೆ ಪ್ರತಿ ಸಲವೂ ಒಂದೇ ಕೆಲಸ ಮಾಡುತ್ತಿದ್ದರು. ಒಂದು ಚೂರು ಮುರಿದು, ಬಾಯಿಗಿಡದೆ ಮೂಗಿಗೆ ಹಿಡಿದು, ತಟ್ಟೆಗೆ ಹಾಕುತ್ತಿದ್ದರು. “ಅಲ್ಲ,” ಅಷ್ಟೇ. ಅಣ್ಣನಿಗೆ ತನ್ನ ಕೈಯ ಮೇಲೇ ಅನುಮಾನ ಬಂತು. ಟರ್ಪೆಂಟೈನ್ ವಾಸನೆ ತಗುಲಿದೆ ಅಂತ ಸೀಗೆಪುಡಿ, ನಿಂಬೆಹಣ್ಣು ಹಾಕಿ ಚರ್ಮ ಕಿತ್ತುಬರುವಂತೆ ಉಜ್ಜಿಕೊಂಡ. ಎಣ್ಣೆ ಬದಲಿಸಿ, ಬೆಣ್ಣೆ ಹಾಕಿ, ತುಪ್ಪ ಹಾಕಿ ಅಂತ ಭಟ್ಟರ ಹಿಂದೆ ಬಿದ್ದ. ಗುಬ್ಬಿಯಲ್ಲಿ ಸೌದೆ ಒಲೆಯ ಮುಂದೆ ಕೂರುತ್ತಿದ್ದ ಹೋಟೆಲಮ್ಮನಿಗೆ ರೇಗಿತು. “ನಿನ್ನೆಂಡ್ರು ಮೂಗು ತೋರ್ಸು ಹೋಗು ಡಾಕ್ಟ್ರಿಗೆ! ನನ್ ದೋಸೆ ಮೇಲೆ ಯಾಕ್ ಗೂಬೆ ಕೂರುಸ್ತೀಯ?” ಆಮೇಲೆ ವಿಷಯ ತಿಳಿದು ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಾರನೇ ದಿನಕ್ಕೆ ಬೇರೆ ಹಿಟ್ಟು ರುಬ್ಬಿಟ್ಟು ಹುಯ್ದು ಕೊಟ್ಟಳು. ಅದಕ್ಕೂ “ಅಲ್ಲ.”

ತಪ್ಪು ದೋಸೆಯದಲ್ಲ, ದಾರಿಯದು ಅಂತ ನಾವು ತೀರ್ಮಾನ ಮಾಡಿದೆವು. ಎಲೆಯಲ್ಲಿ ಕಟ್ಟಿದ ದೋಸೆ ಬೆವರುತ್ತದೆ, ಮೆತ್ತಗಾಗುತ್ತದೆ, ಅದನ್ನು ಯಾರು ತಿಂದಾರು? ನಾನು ವರ್ಕ್‌ಶಾಪಿನ ತಗಡಿನಲ್ಲಿ ಒಂದು ಪೆಟ್ಟಿಗೆ ಮಾಡಿದೆ. ಕೆಳಗೆ ಕೆಂಡದ ತಟ್ಟೆ, ನಡುವೆ ಜಾಲರಿ, ಮೇಲೆ ಆವಿ ಹೋಗಲು ತೂತು. ಎಲೆ ಬಿಸಾಡಿ ದೋಸೆಯನ್ನು ಬರಿದೇ ಜಾಲರಿ ಮೇಲೆ ಇಟ್ಟರೆ ಗುಬ್ಬಿಯಿಂದ ತುಮಕೂರಿಗೆ ಬಂದರೂ ಗರಿಗರಿ! ನಮ್ಮ ವರ್ಕ್‌ಶಾಪಿನ ಮೇಸ್ತ್ರಿಯೇ ಬೆನ್ನು ತಟ್ಟಿದ. ಅತ್ತಿಗೆ ಈಗ ಚೂರು ಮುರಿಯುವುದನ್ನೂ ಬಿಟ್ಟರು. ತಟ್ಟೆಯ ಕಡೆ ಮೂಗು ತಿರುಗಿಸಿ, ಮತ್ತೆ ಗೋಡೆಗೆ ತಿರುಗುತ್ತಿದ್ದರು.

ಉಳಿದಿದ್ದು ಕುಣಿಗಲ್ಲು. ಅಲ್ಲಿಗೆ ಹೊರಟ ಭಾನುವಾರ ಅತ್ತಿಗೆಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ, ವಠಾರದ ಹೆಂಗಸರು ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದರು. ಹೆಬ್ಬೂರು ದಾಟಿದ ಮೇಲೆ ಸ್ಕೂಟರಿಗೆ ಬಿಗಿದಿದ್ದ ಹಗ್ಗ ಸಡಿಲಾಗಿ ಪೆಟ್ಟಿಗೆ ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ಲಾರಿ ಅದನ್ನು ಹಪ್ಪಳ ಮಾಡಿ ಹೋಯಿತು. ಆದರೂ ಹೋದೆವು. ನಾನು ತಿಂದೆ, ಚೆನ್ನಾಗಿದೆ ಅಂದೆ. ಬೇರೆ ದಾರಿಯಿಲ್ಲದೆ ಮುತ್ತುಗದ ಎಲೆಯಲ್ಲೇ, ಚಟ್ನಿ ಸಮೇತ, ಬಾಳೆನಾರು ಸುತ್ತಿ ಕಟ್ಟಿಸಿದೆವು. ಬಿಸಿಯಾದರೂ ಇರಲಿ ಅಂತ ಅಣ್ಣ ಪೊಟ್ಟಣವನ್ನು ಅಂಗಿಯೊಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡ.

ವಾಪಸು ಬರುವಾಗ ಕ್ಲಚ್ ವೈರ್ ತುಂಡಾಯಿತು. ಬಿಸಿಲಲ್ಲಿ ಗಾಡಿ ತಳ್ಳಿದೆವು. ಒಂದು ಹುಣಸೇಮರದ ಕೆಳಗೆ ಅಣ್ಣ ಕುಸಿದು ಕೂತ. “ಅವ್ಳು ಹೋಯ್ತಾಳೆ ಕಣೋ. ಊರೆಲ್ಲ ಬಿಸಿ ಬಿಸಿ ಅಂತ ಬರ್ದೆ... ನನ್ನೆಂಡ್ರಿಗೆ ಒಂದು ಬಿಸಿ ದೋಸೆ ಕೊಡಕ್ಕಾಗ್ಲಿಲ್ಲ.” “ಏಳಣ್ಣ,” ಅಂತ ತೋಳು ಹಿಡಿದು ಎಬ್ಬಿಸಿದೆ.

ದೀಪ ಹಚ್ಚುವ ಹೊತ್ತಿಗೆ ವಠಾರ ಮುಟ್ಟಿದೆವು. ಅಂಗಿಯೊಳಗಿಂದ ತೆಗೆದರೆ ಪೊಟ್ಟಣ ಅಪ್ಪಚ್ಚಿ. ಎಲೆ ಬಾಡಿ ಕಂದಾಗಿ ದೋಸೆಗೆ ಅಂಟಿಕೊಂಡಿತ್ತು, ಚಟ್ನಿ ಇಳಿದು ಎಲ್ಲಾ ಮುದ್ದೆ. ಅಣ್ಣ ಹೊಸಿಲಲ್ಲೇ ನಿಂತು, “ದನಕ್ಕೆ ಹಾಕ್ಬುಡು,” ಅಂತ ನನ್ನ ಕಡೆ ಚಾಚಿದ.

ಒಳಗಿಂದ ಸಣ್ಣ ದನಿ. “ಏನದು... ಇತ್ತಕಡೆ ತನ್ನಿ.”

ಅತ್ತಿಗೆಗೆ ಕೈ ಎತ್ತಲಾಗಲಿಲ್ಲ. ಅಣ್ಣನೇ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದ. ಅವರು ಉಸಿರೆಳೆದುಕೊಂಡರು, ಕಣ್ಣು ಮುಚ್ಚಿದರು, ಬಾಯಿ ತೆರೆದರು. ಅಣ್ಣ ಉಗುರಿನಷ್ಟು ಚೂರು ಇಟ್ಟ. ನುಂಗಿದರು. ಇನ್ನೊಂದು ಚೂರು.

“ಇದೇ. ಅಪ್ಪನ ಗಾಡಿ ಬರೋ ಹೊತ್ಗೆ ಹಿಂಗೇ ಬೆವ್ತೋಗಿರೋದು,” ಅಂದರು.

ಯಾವ ಹೋಟೆಲೂ ಅಲ್ಲ! ಅವರಿಗೆ ಬೇಕಿದ್ದದ್ದು ಗಾಡಿಯಲ್ಲಿ ದಿನವಿಡೀ ಕೂತು ತಣ್ಣಗಾದ, ಎಲೆಯ ವಾಸನೆ ಕುಡಿದ ದೋಸೆ. ನಾವು ಯಾವುದನ್ನು ತಡೆಯಲು ಒದ್ದಾಡುತ್ತಿದ್ದೆವೋ ಅದೇ. ಅಣ್ಣ ಗೋಡೆಗೊರಗಿ ಮಗುವಿನಂತೆ ಅತ್ತ. ಅತ್ತಿಗೆ ಉಳಿದರು.

ಆಮೇಲೆ ಎಂಬತ್ತರ ದಶಕ ಪೂರ್ತಿ, ಅದರಾಚೆಗೂ, ಅಣ್ಣ ಎಲ್ಲಿ ಬೋರ್ಡ್ ಬರೆಯಲು ಹೋದರೂ ಬೆಳಿಗ್ಗೆಯೇ ಒಂದು ದೋಸೆ ಎಲೆಯಲ್ಲಿ ಕಟ್ಟಿಸಿ, ಬ್ರಷ್ಷಿನ ಚೀಲದ ತಳದಲ್ಲಿ ಇಟ್ಟು, ಸಂಜೆ ತಂದು ಕೊಡುತ್ತಿದ್ದ. ಇಬ್ಬರೂ ಜಗಲಿ ಮೇಲೆ ಹಂಚಿಕೊಂಡು ತಿನ್ನುತ್ತಿದ್ದರು. ಟರ್ಪೆಂಟೈನ್ ವಾಸನೆ ಬರೋದಿಲ್ಲವಾ ಅತ್ತಿಗೆ ಅಂದರೆ, “ಬರ್ಲಿ ಬುಡು, ಅದೂ ಇರ್ಬೇಕು,” ಅನ್ನುತ್ತಿದ್ದರು.

ಅಣ್ಣ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅತ್ತಿಗೆ ಮತ್ತೆ ಗೋಡೆ ಕಡೆ ತಿರುಗಿದ್ದಾರೆ. ಅದಕ್ಕೇ ಮೊನ್ನೆ ಮಂಡಿಪೇಟೆಯಲ್ಲಿ ಎಲೆ ಕೊಂಡೆ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಕೊಟ್ಟು, ಇದರಲ್ಲೇ ಕಟ್ಟಪ್ಪ ಅಂದೆ. “ಮೆತ್ತಗಾಗುತ್ತೆ ಅಂಕಲ್,” ಅಂದ ಹುಡುಗ. ಆಗಲಿ, ಬಿಗಿಯಾಗಿ ಕಟ್ಟು ಅಂದೆ. ಬೆಳಿಗ್ಗೆ ಕಟ್ಟಿಸಿದ್ದನ್ನು ಸಂಜೆ ತನಕ ಮಡಿಲಲ್ಲಿಟ್ಟುಕೊಂಡು ಕೂತಿದ್ದು, ಬೆವರಿದ ಮೇಲೆ ಒಯ್ದೆ.

ಅತ್ತಿಗೆ ಪೊಟ್ಟಣ ಇಸಿದುಕೊಂಡು ಮೂಗಿಗೆ ಹಿಡಿದರು. ಬಹಳ ಹೊತ್ತು. ಆಮೇಲೆ ಬಿಚ್ಚಿ ದೋಸೆಯನ್ನು ನನ್ನ ಕೈಗೆ ಕೊಟ್ಟು, ಬರಿದಾದ ಎಲೆಯನ್ನು ಎದೆಗೊತ್ತಿಕೊಂಡರು.

“ನೀನೇ ತಿಂದು ಹೇಳಪ್ಪ... ಹೆಂಗೈತೆ?”

ಒಂದು ತುತ್ತು ಬಾಯಿಗಿಟ್ಟೆ. ಉಪ್ಪು, ಹುಳಿ, ಎಲೆಯ ಘಮ, ಎಲ್ಲಾ ಸರಿಯಾಗಿತ್ತು. ಮೂರು ಊರಿನ ದೋಸೆಗೆ ತೀರ್ಪು ಕೊಟ್ಟ ನಾಲಿಗೆ ನನ್ನದು. ಆದರೆ ಎದುರಿಗೆ ನೀರಿನ ಲೋಟ ಹಿಡಿದು ನನ್ನ ಮುಖ ನೋಡುವವನು ಇರಲಿಲ್ಲ.