ಕೊಳವೆಯೊಳಗಿನ ಹೆಬ್ಬೆರಳು

ಗ್ಲೌಸ್ ಅಕ್ಕ ಬಂದಳೆಂದರೆ, ದೂರದ ಆಕಾಶದಿಂದ ಬರುವ ಅಲೆಗಳಿಗೆ ಕಾದಿರುವ ಆ ವೀಕ್ಷಣಾಲಯದಲ್ಲಿ ನಿರ್ದೇಶಕರೂ ಒಮ್ಮೆ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ನಾಲ್ಕು ಕಿಲೋಮೀಟರ್ ಉದ್ದದ ಎರಡು ಉಕ್ಕಿನ ಕೊಳವೆ, ಅವುಗಳ ತುದಿಗೆ ಕನ್ನಡಿ ತೂಗುಹಾಕಿದ ತೊಟ್ಟಿಗಳು. ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದು ಲೇಸರ್ ಬೆಳಕಿಗೆ ದಾರಿ ಮಾಡಿಕೊಡುವುದು ಅವಳ ಕೆಲಸ. ಹದಿನಾರು ವರ್ಷದ ಸರ್ವಿಸು. ಯಾರಾದರೂ ಬರಿಗೈಯಲ್ಲಿ ತೊಟ್ಟಿಯ ಹತ್ತಿರ ಸುಳಿದರೆ ಮುಗಿಯಿತು, "ಏನ್ರೀ, ನಿಮ್ಮನೆ ಹಿತ್ತಲ ನಲ್ಲಿ ಅಂದ್ಕೊಂಡ್ರಾ?" ಎಂದು ಬೆವರಿಳಿಸಿಬಿಡುತ್ತಿದ್ದಳು.

ಅಂಥವಳೇ ಎಡವಿದಳು. ಕಟ್ಟುನಿಟ್ಟಿನವರು ಎಡವುವುದೇ ಹೀಗೆ, ತೀರಾ ಅಚ್ಚುಕಟ್ಟು ಮಾಡಲು ಹೋಗಿ. ತೊಟ್ಟಿ ಮುಚ್ಚುವ ಮುನ್ನ ಒಳಗಿನ ಅಂಚಿನಲ್ಲಿ ಕೂದಲೆಳೆಯಂಥ ನೂಲೊಂದು ಕಂಡಿತು. ಎರಡು ಪದರದ ಗ್ಲೌಸಿಗೆ ಅದು ಸಿಗಲೊಲ್ಲದು. ಬಲಗೈಯದನ್ನು ಕಳಚಿ ಉಗುರಿನಿಂದ ಎತ್ತಿದಳು, ನೂಲು ಬಂತು. ಮುಚ್ಚಳ ಬಿತ್ತು, ಪಂಪು ಶುರುವಾಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಅವಳಿಗೆ ನೆನಪಾಯಿತು. ನೂಲು ಎತ್ತುವಾಗ ಹೆಬ್ಬೆರಳನ್ನು ಉಕ್ಕಿನ ಮೇಲೆ ಊರಿದ್ದಳು! ಗಾಳಿಯಿಲ್ಲದ ಕಡೆ ಬೆರಳಿನ ಜಿಡ್ಡು ತಿಂಗಳುಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಅದು ಹೋಗಿ ಕನ್ನಡಿಯ ಮೇಲೆ ಕೂತರೆ ಕಥೆ ಮುಗಿದಂತೆ. ಯಂತ್ರ ಚಾಲೂ ಆಗಲು ನಾಲ್ಕೇ ದಿನವಿತ್ತು. ಅವಳು ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

ಸಂಜೆ ಮನೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತ ಸೊಸೆಯನ್ನು ಅತ್ತೆ ಬಿಡಲಿಲ್ಲ, ಎಲ್ಲ ಬಾಯಿ ಬಿಡಿಸಿದರು.

"ಯಾರೂ ನೋಡಿಲ್ಲ ತಾನೇ? ಸುಮ್ನಿರು. ಇರಲಾರದೆ ಇರುವೆ ಬಿಟ್ಕೊಂಡ ಹಾಗಾಗುತ್ತೆ. ಕೆಲಸ ಹೋದ್ರೆ ಏನ್ಮಾಡ್ತೀಯ?"

"ಅತ್ತೆ, ಅಲ್ಲಿ ನಾವು ಏನನ್ನ ಕಾಯ್ತಿದೀವಿ ಗೊತ್ತಾ? ಸೂರ್ಯನಿಗಿಂತ ಎಷ್ಟೋ ಪಟ್ಟು ದೊಡ್ಡ ಎರಡು ನಕ್ಷತ್ರ ಒಟ್ಟಿಗೇ ಹುಟ್ಟುತ್ವೆ. ದೊಡ್ಡವಕ್ಕೆ ಆಯಸ್ಸು ಕಮ್ಮಿ. ಒಂದು ಉರಿದು ಮುಗಿದು, ತನ್ನೊಳಗೆ ತಾನೇ ಕುಸಿದು ಕಪ್ಪುಕುಳಿ ಆಗುತ್ತೆ, ಬೆಳಕೂ ಆಚೆ ಬರಲ್ಲ. ಆಮೇಲೆ ಇನ್ನೊಂದೂ ಹಾಗೇ."

"ಒಟ್ಟಿಗೆ ಹುಟ್ಟಿದವೇ ಆಗ್ಬೇಕಾ?"

"ಬೇಕಂತಿಲ್ಲ. ನಕ್ಷತ್ರಗಳು ಸಂತೆ ಥರ ಕಿಕ್ಕಿರಿದ ಕಡೆ ಎಲ್ಲೆಲ್ಲಿಯವೋ ಎರಡು ಗಂಟು ಬೀಳೋದೂ ಉಂಟು."

"ನಿನ್ನ ನನ್ನ ಹಾಗೆ ಅನ್ನು," ಅತ್ತೆ ನಕ್ಕರು.

ಸೊಸೆಗೆ ನಗು ಬರಲಿಲ್ಲ. "ಕೋಟಿಗಟ್ಟಲೆ ವರ್ಷ ಒಂದನ್ನೊಂದು ಸುತ್ತುತ್ವೆ. ಸುತ್ತೋವಾಗ ಆಕಾಶವನ್ನೇ ಅಲುಗಿಸೋ ಅಲೆ ಏಳುತ್ತೆ, ಅದರಲ್ಲಿ ಅವುಗಳ ಶಕ್ತಿ ಸೋರಿ ಸೋರಿ ಹತ್ತಿರ ಬರುತ್ವೆ. ಕೊನೆಗೆ ಕಣ್ಣು ಮಿಟುಕಿಸೋದ್ರೊಳಗೆ ಗಿರಗಿರ ಸುತ್ತಿ ಒಂದಾಗಿಬಿಡುತ್ವೆ. ಆ ಅಲೆ ಇಲ್ಲಿಗೆ ಬಂದು ನಮ್ಮ ಕನ್ನಡಿಯನ್ನ ಪರಮಾಣುವಿನ ಕೋಟಿಯಲ್ಲೊಂದು ಪಾಲೂ ಅಲುಗಿಸಲ್ಲ. ಅಷ್ಟು ಸಣ್ಣ ಅಲುಗಾಟವನ್ನ ಆ ಲೇಸರ್ ಬೆಳಕು ಹಿಡೀಬೇಕು. ಒಂದು ಜೋಡಿ ಒಂದಾಗೋದು ಒಂದೇ ಸಲ, ಅತ್ತೆ. ಆ ಹೊತ್ತಿಗೆ ನನ್ನ ಬೆರಳಿನ ಜಿಡ್ಡು ಅಡ್ಡ ಕೂತಿದ್ರೆ?"

ಅತ್ತೆ ಅವಳ ಬಲಗೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ನೋಡಿದರು. "ಹಾಗಾದ್ರೆ ಬೆಳಿಗ್ಗೆ ಹೋಗಿ ಹೇಳ್ಬಿಡು. ಬೈದ್ರೆ ಬೈಸ್ಕೊ."

ಹೇಳಿದಳು. ಎಷ್ಟು ಜನಕ್ಕಿದೆ ಸ್ವಾಮಿ ಆ ಎದೆಗಾರಿಕೆ? ಹದಿನಾರು ವರ್ಷ ಎಲ್ಲರಿಗೂ ಬುದ್ಧಿ ಹೇಳಿದ ಬಾಯಿಂದಲೇ "ನಾನೇ ಮುಟ್ಟಿದೆ" ಅನ್ನುವುದು ಹುಡುಗಾಟವಲ್ಲ. ನಿರ್ದೇಶಕರು ಮುಖ ಗಂಟಿಕ್ಕಿಕೊಂಡೇ ತೊಟ್ಟಿ ತೆರೆಸಿದರು. ವಿಶೇಷ ದೀಪ ಹಿಡಿದಾಗ ಗೆರೆಗೆರೆಯಾಗಿ ಹೆಬ್ಬೆರಳು ಹೊಳೆಯಿತು. ಒರೆಸಿ, ಉಳಿದ ಜಿಡ್ಡು ಹೋಗುವವರೆಗೆ ಉಕ್ಕನ್ನು ಕಾಯಿಸಿ, ಮತ್ತೆ ಗಾಳಿ ತೆಗೆಯಲು ಮೂರು ವಾರ ಬೇಕಿತ್ತು.

ಹನ್ನೊಂದನೆಯ ದಿನ ಬೇರೆ ದೇಶಗಳ ಎರಡು ವೀಕ್ಷಣಾಲಯಗಳಿಗೆ ಒಂದು ಜೋಡಿ ಸಿಕ್ಕಿತು. ನೂರು ಕೋಟಿ ವರ್ಷ ನಡೆದು ಬಂದ ಅಲೆ! ಮೂರನೆಯವರಾಗಿ ಇವರೂ ಕೇಳಿಸಿಕೊಂಡಿದ್ದರೆ, ಅದು ಆಕಾಶದ ಯಾವ ಮೂಲೆಯದೆಂದು ಇನ್ನೂ ಖಚಿತವಾಗಿ ಹೇಳಬಹುದಿತ್ತು. ಇವರ ತೊಟ್ಟಿಯೋ ಬಾಯಿ ತೆರೆದುಕೊಂಡು ಬಿದ್ದಿತ್ತು. ಕನ್ನಡಿ ಜೋಡಿಸುವ ಎಂಜಿನಿಯರ್, ಎತ್ತಿ ಆಡುವುದರಲ್ಲಿ ಎತ್ತಿದ ಕೈ, ಕ್ಯಾಂಟೀನಿನಲ್ಲಿ ಎಲ್ಲರೆದುರೇ ಅಂದ: "ನೂರು ಕೋಟಿ ವರ್ಷದ ದಾರೀನ ಒಂದು ಹೆಬ್ಬೆರಳು ಮುಚ್ಚಿಬಿಡ್ತಲ್ಲಕ್ಕಾ!"

ಅವಳು ಡಬ್ಬಿ ಮುಚ್ಚಿ ಎದ್ದಳು. ಪಂಪಿನ ಕೋಣೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಬೆಳಿಗ್ಗೆ ರಾಜೀನಾಮೆ ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟಳು. ಅಲ್ಲಿ ಆಗಲೇ ಅದೇ ಎಂಜಿನಿಯರ್ ತಲೆ ತಗ್ಗಿಸಿ ಕೂತಿದ್ದ.

"ನಿನ್ನೆ ಆಡಿದ ಮಾತು ನನಗೇ ಜೀರ್ಣ ಆಗ್ಲಿಲ್ಲ ಅಕ್ಕ," ಅಂದ. "ಹೋದ ತಿಂಗಳು ಆ ಕಡೆ ತೊಟ್ಟಿಯೊಳಗೆ ನನ್ನ ಕೈಯಿಂದ ಒಂದು ಸ್ಕ್ರೂ ಬಿತ್ತು. ಹುಡುಕ್ದೆ, ಸಿಗ್ಲಿಲ್ಲ. ಹೆದರಿಕೊಂಡು ಯಾರಿಗೂ ಹೇಳ್ಲಿಲ್ಲ."

ನಿರ್ದೇಶಕರು ಅವಳ ಕಾಗದ ಓದಿ, ಮಡಚಿ, ಅವಳ ಕಡೆಗೇ ಸರಿಸಿದರು.

"ಈ ವಾರ ಇವನು ಮೂರನೆಯವನು, ತಾಯಿ. ನೀವು ಬಂದು ಹೇಳೋವರೆಗೆ ಇಷ್ಟು ವರ್ಷದಲ್ಲಿ ಒಬ್ಬನೂ ತಾನಾಗಿ ಬಂದು ತಪ್ಪು ಹೇಳಿರ್ಲಿಲ್ಲ. ಇದನ್ನ ನಾನು ತಗೊಂಡ್ರೆ ನಾಲ್ಕನೆಯವನು ಬರ್ತಾನಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕಾಗದವನ್ನು ಎತ್ತಿಕೊಂಡಳು. ಆಮೇಲೆ ಎಂಜಿನಿಯರನ ಕಡೆ ತಿರುಗಿ, "ಸ್ಕ್ರೂ ಎಲ್ಲಿ ಬಿತ್ತು ತೋರ್ಸು ನಡಿ," ಎಂದಳು.