ಹೊಸ್ತಿಲು ದಾಟಿದ ಗಾಲಿ

ಬಡಗಿ ಇವತ್ತು ಬೆಳಿಗ್ಗೆ ನಮ್ಮ ಹೊಸ ಮನೆಯ ಬಾಗಿಲಿನ ಚೌಕಟ್ಟು ತಂದು ಅಂಗಳದಲ್ಲಿ ಮಲಗಿಸಿದ. ಹೊಸ ಮನೆ ಅಂದರೆ ಏನೇನೋ ಊಹಿಸಿಕೊಳ್ಳಬೇಡಿ. ಮಡಕಶಿರಾ ಕಡೆಯ ನಮ್ಮೂರಲ್ಲಿ, ಹಿಪ್ಪುನೇರಳೆ ತೋಟದ ಪಕ್ಕ ಎರಡು ಕೋಣೆ, ಒಂದು ಪಡಸಾಲೆ, ಅಷ್ಟೇ. ಬಾಗಿಲು ನಿಲ್ಲಿಸುವ ಪೂಜೆ ನಾಡಿದ್ದು. ಆಗಷ್ಟೇ ಹತ್ತರಿ ಹೊಡೆದ ಬೇವಿನ ಮರದ ಕಹಿ ವಾಸನೆ ಅಂಗಳದ ತುಂಬ ಹರಡಿತ್ತು. ಕೆಳಗಿನ ಅಡ್ಡಪಟ್ಟಿಯ ಮೇಲೆ ಕೈಯಾಡಿಸುತ್ತ ಬಡಗಿ, "ಹೊಸ್ತಿಲು ಎಷ್ಟೆತ್ತರ ಬಿಡಾನ?" ಎಂದು ಕೇಳಿದ. ನಾನು ಬಾಯಿ ಬಿಡಲಿಲ್ಲ. ನನ್ನ ಹೆಂಡತಿ ಒಳಗಿನಿಂದಲೇ, ಹಿಂಗೆ ಕಂಬದಂಗೆ ನಿಂತ್ಕಂಡ್ರೆ ಮನೆ ತಾನೇ ಎದ್ದು ನಿಲ್ತದಾ ಅಂತ ಗೊಣಗಿದಳು. ಅವಳ ಮಾತು ನ್ಯಾಯವೇ. ಆದರೆ ಹೊಸ್ತಿಲು ಅಂದ ಕೂಡಲೇ ನನಗೆ ರಾಯದುರ್ಗದ ಹಂಪಕ್ಕ ನೆನಪಾಗುತ್ತಾಳೆ, ನಾನು ಏನು ಮಾಡಲಿ?

ನಮ್ಮೂರಿನ ಅರ್ಧ ಜನ ಗಾರ್ಮೆಂಟ್ಸ್ ಅಂತ ಬೆಂಗಳೂರು ಬಸ್ಸು ಹತ್ತುತ್ತಿದ್ದ ವರ್ಷಗಳಲ್ಲಿ ನಾನು ಉಲ್ಟಾ ದಿಕ್ಕಿಗೆ ಹೊರಟು ರಾಯದುರ್ಗ ಸೇರಿದವನು. ಅಲ್ಲಿ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನಿನ ಸದ್ದು. ಒಂದು ಯೂನಿಟ್ಟಿನಲ್ಲಿ ನನಗೆ ಮೇಸ್ತ್ರಿ ಕೆಲಸ ಸಿಕ್ಕಿತು. ಇಪ್ಪತ್ತು ಮಿಷನ್ನಿನ ಮೇಲೆ ಕಣ್ಣಿಡುವುದು, ತಪ್ಪಿದ ಹೊಲಿಗೆ ಬಿಚ್ಚಿಸುವುದು, ಬೈಯುವುದು, ಬೈಸಿಕೊಳ್ಳುವುದು. ನನ್ನ ಮಡಕಶಿರಾ ಕನ್ನಡ ಕೇಳಿ ಅಲ್ಲಿಯವರು ನಗುತ್ತಿದ್ದರು. ನಾನು "ಬತ್ತೀನಿ" ಅಂದರೆ ಸಾಕು, ಇಡೀ ಸಾಲು ಹೊಲಿಗೆ ನಿಲ್ಲಿಸಿ "ಬರ್ರಿ, ಬರ್ರಿ" ಅನ್ನುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಕೇಳದಿದ್ದರೆ ಬೇಜಾರಾಗುತ್ತಿತ್ತು.

ಹಂಪಕ್ಕ ಯೂನಿಟ್ಟಿನವಳಲ್ಲ. ಕೋಟೆಯ ಗುಡ್ಡದ ಬುಡದಲ್ಲಿ, ತಮ್ಮನ ಮನೆಯಲ್ಲಿ ಕೂತು ಹೊಲಿಯುವವಳು. ಎಳೆತನದಲ್ಲೇ ಪೋಲಿಯೋ ಬಂದು ಎರಡು ಕಾಲೂ ಹೋಗಿದ್ದವು. ಎಲ್ಲರೂ ಪಾದದಲ್ಲಿ ಒತ್ತುವ ಕರೆಂಟು ಮಿಷನ್ನಿನ ಪೆಡಲನ್ನು ಅವಳು ಮೇಜಿನ ಮೇಲೆ ಕಟ್ಟಿಸಿಕೊಂಡು ಮೊಣಕೈಯಲ್ಲಿ ಒತ್ತುತ್ತಿದ್ದಳು. ತಮ್ಮ ನಮ್ಮಲ್ಲಿಂದ ಬಟ್ಟೆಯ ಗಂಟು ಒಯ್ಯುತ್ತಿದ್ದ, ಹೊಲಿದದ್ದನ್ನು ತರುತ್ತಿದ್ದ. ಹೊಲಿಯಲು ಅವಳಿಗೆ ಕೊಡುತ್ತಿದ್ದದ್ದು ಜೇಬು ಮಾತ್ರ. ಮನೆಗೆ ಕಳಿಸಲು ಹಗುರ ಅಂತ. ಆ ಜೇಬುಗಳೋ, ಅಚ್ಚು ಒತ್ತಿದಂತಿರುತ್ತಿದ್ದವು. ಆ ಕೈ ಯಾರದು ನೋಡಬೇಕು ಅಂತಲೇ ನಾನು ಒಂದು ದಿನ ತಮ್ಮನ ಹಿಂದೆ ಅವರ ಮನೆಗೆ ಹೋದದ್ದು. ಆಮೇಲೆ ಅವಳ ಚಾದ ರುಚಿಗೆ ಬಿದ್ದು ವಾರಕ್ಕೆರಡು ಸಲ ಹೋಗತೊಡಗಿದೆ. ಒಮ್ಮೆ ಚಾ ಕುಡಿಯುವಾಗ ಹಂಪಕ್ಕ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. "ಹತ್ತು ವರ್ಷಾತ್ರಿ ಮೇಸ್ತ್ರಿ, ಜೇಬು ಹೊಲಿಯಾಕ ಹತ್ತಿ. ನಾ ಹೊಲಿದ ಜೇಬು ಯಾವ ಪ್ಯಾಂಟಿಗೆ ಕುಂತೈತಿ, ಒಂದರ ನೋಡಿಲ್ರಿ."

ಅವಳ ಹತ್ತಿರ ಗಾಲಿಕುರ್ಚಿ ಇರಲಿಲ್ಲವೆಂದಲ್ಲ. ಯಾವುದೋ ಕ್ಯಾಂಪಿನಲ್ಲಿ ಕೊಟ್ಟದ್ದು ಒಂದಿತ್ತು. ಅದರ ಮುಂದಿನ ಪುಟ್ಟ ಗಾಲಿಗಳು ಆಸ್ಪತ್ರೆಯ ನುಣುಪು ನೆಲಕ್ಕೆ ಹೇಳಿ ಮಾಡಿಸಿದವು. ಗುಡ್ಡದ ಬುಡದ ಓಣಿಯಲ್ಲೋ ಒಂದು ಮಾರು ಬಂಡೆ, ಒಂದು ಮಾರು ಮರಳು, ನಡುವೆ ಬಚ್ಚಲ ನೀರಿನ ಕಾಲುವೆ. ಕುರ್ಚಿ ಮೊದಲನೇ ದಿನವೇ ಮರಳಲ್ಲಿ ಮೂಗು ತೂರಿಸಿ ನಿಂತಿತು. ಆಮೇಲೆ ಅದರ ಮೇಲೆ ಕೋಳಿ ಮಲಗತೊಡಗಿತು.

ಹೊಸದು ಬಂದದ್ದು ಬಳ್ಳಾರಿ ಕಡೆಯ ಸೇವಾಸಂಸ್ಥೆಯೊಂದರಿಂದ. ಎಂಥಾ ನೆಲದ ಮೇಲೂ ಹೋಗುವ ಕುರ್ಚಿ ಅಂದರು. ನನಗೆ ನಂಬಿಕೆ ಬರಲಿಲ್ಲ. ನೋಡಲು ಕುರ್ಚಿಯೂ ಅಲ್ಲ, ಸೈಕಲ್ಲೂ ಅಲ್ಲ. ಹಿಂದೆ ಹಲ್ಲು ಹಲ್ಲಿನ ದಪ್ಪ ಟೈರಿನ ಎರಡು ದೊಡ್ಡ ಗಾಲಿ. ಮುಂದೆ ಉದ್ದಕ್ಕೆ ಚಾಚಿದ ಕಬ್ಬಿಣದ ತುದಿಗೆ ಒಂದೇ ಗಾಲಿ. ಎರಡೂ ಕೈಗೆ ಒಂದೊಂದು ಉದ್ದನೆಯ ಕೋಲು. ಕೋಲನ್ನು ಮುಂದಕ್ಕೆ ತಳ್ಳಿದರೆ ಗಾಡಿ ಮುಂದಕ್ಕೆ. ಕೋಲಿನ ತುದಿ ಹಿಡಿದರೆ ನಿಧಾನ, ಆದರೆ ಬಲ ಜಾಸ್ತಿ. ಬುಡ ಹಿಡಿದರೆ ಓಟ. ಹತ್ತು ವರ್ಷ ಮೊಣಕೈಯಲ್ಲಿ ಮಿಷನ್ ಓಡಿಸಿದ ತೋಳಿಗೆ ಇದು ಯಾವ ಲೆಕ್ಕ! ವಾರದೊಳಗೆ ಹಂಪಕ್ಕ ಓಣಿಯ ಬಂಡೆಗಳನ್ನು ಒಂದೊಂದಾಗಿ ಹತ್ತಿ ಇಳಿದಳು. ಅವಳ ಜೊತೆ ನಡೆದುಕೊಂಡು ಹೊರಟ ನಾನು ಮರಳಿನಲ್ಲಿ ಚಪ್ಪಲಿ ಕಿತ್ತುಕೊಂಡು ಹಿಂದೆ ಉಳಿದೆ. ನಿಂತು ಕಾದವಳು ಅವಳು.

ಒಂದೇ ಕಾಟ. ದಾರಿಯಲ್ಲಿ ಕಂಡವರೆಲ್ಲ ಅಯ್ಯೋ ಪಾಪ ಅಂತ ಹಿಂದಿನಿಂದ ಬಂದು ತಳ್ಳಿಬಿಡುವುದು. ಕೋಲು ಹಿಂದಕ್ಕೆ ಎಳೆಯುವಾಗ ಯಾರಾದರೂ ತಳ್ಳಿದರೆ ಗಾಡಿ ಅಡ್ಡಡ್ಡ ಹೋಗುತ್ತದೆ. ಅದಕ್ಕೆ ಹಂಪಕ್ಕ ಜೀನ್ಸಿನ ತುಂಡೊಂದರ ಮೇಲೆ ಪ್ಯಾಂಟಿಗೆ ಹಾಕುವ ಹಳದಿ ದಾರದಲ್ಲಿ "ಕೇಳಿ ಮುಟ್ರಿ" ಅಂತ ಹೊಲಿದು ಕುರ್ಚಿಯ ಬೆನ್ನಿಗೆ ಹಾಕಿದಳು. ಕೆಳಗೆ ತೆಲುಗಿನಲ್ಲೂ ಅದನ್ನೇ ಹೊಲಿದಿದ್ದಳು. ನಮ್ಮ ಗಡಿ ಕಡೆ ಒಂದು ಭಾಷೆಯಲ್ಲಿ ಬರೆದರೆ ಇನ್ನೊಂದು ಭಾಷೆಯವರು ತಮಗಲ್ಲ ಅಂದುಕೊಳ್ಳುತ್ತಾರೆ ನೋಡಿ.

ಇಷ್ಟರಲ್ಲಿ ಅವಳ ತಮ್ಮ ಬೆಂಗಳೂರಿಗೆ ಹೊರಟ. ಹೆಂಡತಿಗೆ ಅಲ್ಲಿ ಗಾರ್ಮೆಂಟ್ಸಿನಲ್ಲಿ, ಅವನಿಗೆ ಕಟ್ಟಡದ ಕೆಲಸದಲ್ಲಿ ಜಾಗ ಸಿಕ್ಕಿತ್ತು. ಅಕ್ಕನನ್ನೂ ಕರೆದುಕೊಂಡು ಹೋಗುತ್ತೇನೆ ಅಂದ. ಒಳ್ಳೆಯವನು, ಬಿಟ್ಟು ಹೋಗುವ ಪೈಕಿ ಅಲ್ಲ. ಆದರೆ ಹಿಡಿದ ಬಾಡಿಗೆ ಕೋಣೆ ಮೂರನೇ ಮಹಡಿ. ಅಕ್ಕನನ್ನು ಎತ್ತಿಕೊಂಡು ಹತ್ತಿಸಬಹುದು, ಗಾಡಿಯನ್ನು ಹತ್ತಿಸಲು ಮೆಟ್ಟಿಲಲ್ಲಿ ಜಾಗವಿಲ್ಲ. ಗಾಡಿ ಬಿಟ್ಟು ಹೋಗಬೇಕು. ಅಂದರೆ ಮತ್ತೆ ಯಾರಾದರೂ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೀ ಜೇಬಿನ ಕೂಲಿಯಲ್ಲಿ ಒಬ್ಬಳ ಹೊಟ್ಟೆ ನಡೆಯದು. ಇಲ್ಲೇ ಉಳಿಯಲು ಇದ್ದ ದಾರಿ ಒಂದೇ, ಯೂನಿಟ್ಟಿನ ಸಾಲಿನಲ್ಲಿ ಅವಳಿಗೊಂದು ಮಿಷನ್. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಅವರ ಬಸ್ಸು.

ನಾನು ಮಾಲೀಕರನ್ನು ಕೇಳಿದೆ. ನಮ್ಮ ಮಾಲೀಕರು ಯಾವುದಕ್ಕೂ ಇಲ್ಲ ಅನ್ನುವವರಲ್ಲ, ಹೂಂ ಅನ್ನುವವರೂ ಅಲ್ಲ. ಎಲ್ಲದಕ್ಕೂ ತೆಲುಗಿನಲ್ಲಿ "ಚೂದ್ದಾಂ" ಅನ್ನುವವರು, ನೋಡೋಣ ಅಂತ. ಈ ಸಲ ಒಂದು ಮಾತು ಸೇರಿಸಿದರು. ಸೋಮವಾರದಿಂದ ಶನಿವಾರದವರೆಗೆ ಆಯಮ್ಮ ಯಾರ ಕೈಯೂ ತಾಕದೆ, ಹೊತ್ತಿಗೆ ಸರಿಯಾಗಿ ಬಂದು ಕೂತರೆ ಮಿಷನ್ ಕೊಡೋಣ. ಇವತ್ತು ಎತ್ತಿ ತಂದವರು ನಾಳೆ ಬರದಿದ್ದರೆ ಸಾಲು ನಿಲ್ಲುತ್ತೆ, ಅದು ಅವರ ಭಯ. ಒಂದು ದಿನ ತಪ್ಪಿದರೆ ಅಂತ ನಾನು ಕೇಳಿದೆ. ಚೂದ್ದಾಂ ಅಂದರು.

ಯೂನಿಟ್ಟಿನ ಬಾಗಿಲಿಗೆ ಮೂರು ಮೆಟ್ಟಿಲಿದ್ದವು. ಅವುಗಳ ಮೇಲೆ ಇಳಿಜಾರು ಹಾಕಿಸಲು ಒಪ್ಪಿಸಿದ್ದು ನಾನು. ಗಾರೆಯವನ ತಲೆಯ ಮೇಲೆ ನಿಂತು ಮಾಡಿಸಿದ್ದು ನಾನು. ಟೈರು ಜಾರಬಾರದು ಅಂತ ಹಸಿ ಸಿಮೆಂಟಿಗೆ ಹಗ್ಗ ಒತ್ತಿ ಗೆರೆ ಹಾಕಿಸಿದ್ದೂ ನಾನೇ. ಮೇಲೆ ಹೊಸ್ತಿಲು ಬಂತು. ಗೇಣೆತ್ತರದ ಹಳೇ ಕಾಲದ ಕಟ್ಟಿಗೆ. ಒಡೆಯಲಾ ಅಂತ ಗಾರೆಯವನು ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಕಸ ಗುಡಿಸುವ ಸಾಕಮ್ಮ ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಹಚ್ಚಿ ಹೂವಿಡುವ ಹೊಸ್ತಿಲು. ಅದನ್ನು ಒಡೆಯುತ್ತಾನಂತೆ! ಅದರ ಮೈ ಮುಟ್ಟಬೇಡ ಅಂತ ಗದರಿದೆ. ಓಣಿಯ ಬಂಡೆ ಹತ್ತುವ ಗಾಡಿಗೆ ಗೇಣು ಹೊಸ್ತಿಲು ಏನು ಮಹಾ ಅನ್ನಿಸಿತ್ತು.

ಸೋಮವಾರ ಹಂಪಕ್ಕ ಹೊತ್ತಿಗೆ ಮುಂಚೆಯೇ ಬಂದಳು. ಇಳಿಜಾರನ್ನು ಮೂರೇ ನೂಕಿಗೆ ಏರಿದಳು. ಇಡೀ ಸಾಲು ಎದ್ದು ನಿಂತು ನೋಡುತ್ತಿತ್ತು. ಮುಂದಿನ ಗಾಲಿ ಹೊಸ್ತಿಲಿಗೆ ನಾಲ್ಕು ಬೆರಳು ಇರುವಾಗ ಗಾಡಿ ನಿಂತಿತು. ಹಂಪಕ್ಕ ಹೊಸ್ತಿಲು ನೋಡಿದಳು. ನಾನು ಅವಳನ್ನು ನೋಡಿದೆ. ಗಾಡಿಗೆ ಆಗುತ್ತಿಲ್ಲ ಅಂದುಕೊಂಡು ಇಬ್ಬರು ಗಂಡಾಳನ್ನು ಕೂಗಿದೆ, ಎತ್ತಲು. ಅವಳು ಬೇಡ ಅಂತ ಕೈ ಮಾಡಿದಳು. ಗಾಡಿ ಹಿಂದಕ್ಕೆ ಬಿಟ್ಟು, ಇಳಿಜಾರು ಇಳಿದು ಹೋಗಿಬಿಟ್ಟಳು. ಮಾಲೀಕರು ಒಳಗಿನಿಂದ ಎಲ್ಲ ನೋಡಿದ್ದರು. ಆಮೇಲೆ ಸಾಲಿನಲ್ಲಿ ಎಲ್ಲರದೂ ಒಂದೇ ಮಾತು, ಎಷ್ಟಾದರೂ ಕುರ್ಚಿ ಕುರ್ಚಿಯೇ.

ಮಧ್ಯಾಹ್ನ ಚಾ ಬಿಡುವಿಗೆ ಅವಳ ಮನೆಗೆ ಓಡಿದೆ. ತಮ್ಮ ಪಾತ್ರೆಪಗಡ ಮೂಟೆ ಕಟ್ಟುತ್ತಿದ್ದ. ಹಂಪಕ್ಕ ಗಾಡಿಯಲ್ಲೇ ಕೂತಿದ್ದಳು. ಒಂದು ಗೇಣಿಗೆ ಸೋತು ಬಂದ್ಬುಟ್ಟೆಯಲ್ಲಕ್ಕ ಅಂತ ನಾನು ಸ್ವಲ್ಪ ಜೋರಾಗಿಯೇ ಅಂದೆ. ಅವಳಿಗೆ ಸಿಟ್ಟು ಬಂತು. ಅವಳ ಸಿಟ್ಟನ್ನು ನೋಡಿದ್ದು ಅದೊಂದೇ ಸಲ.

"ಗಾಡಿ ಹತ್ತತಿತ್ರಿ. ನಾನ ಹತ್ತಿಸ್ಲಿಲ್ಲ. ಲಕ್ಷ್ಮಿ ಅಂತ ಕೈ ಮುಗಿಯೋ ಹೊಸ್ತಿಲ ಮ್ಯಾಲೆ ಓಣಿ ಹೊಲಸೆಲ್ಲ ತುಳಿದ ಗಾಲಿ ಹೆಂಗ ಇಡ್ಲಿ? ನೀವು ಕಾಲೆತ್ತಿ ದಾಟ್ತೀರಿ. ನಾ ಏನು ಎತ್ತಲಿ, ಹೇಳ್ರಿ."

ನಾನು ಪೆಚ್ಚಾದೆ. ಹೊಸ್ತಿಲು ಒಡೆಯಬಾರದು ಅಂತ ನನಗೆ ಹೊಳೆದಿತ್ತು. ತುಳಿಯಬಾರದು ಅಂತ ಅವಳಿಗೂ ಇರುತ್ತದೆ ಅಂತ ಹೊಳೆದಿರಲಿಲ್ಲ. ಗಾಲಿಯ ಅಗಲ, ಇಳಿಜಾರಿನ ಓರೆ ಎಲ್ಲವನ್ನೂ ಟೇಪು ಹಿಡಿದು ಅಳೆದಿದ್ದೆ. ಒಂದು ಮಾತು ಅವಳನ್ನೇ ಕೇಳಿರಲಿಲ್ಲ. ಕುರ್ಚಿಯ ಬೆನ್ನಿಗೆ ಎರಡು ಭಾಷೆಯಲ್ಲಿ ಹೊಲಿದಿಟ್ಟಿದ್ದಳಲ್ಲ, ನಾನು ಯಾವ ಭಾಷೆಯಲ್ಲೂ ಓದಿರಲಿಲ್ಲ.

ಹಂಪಕ್ಕ ಅಷ್ಟು ಹೊತ್ತಿಗೆ ತಣ್ಣಗಾಗಿದ್ದಳು. ಹೊಸ್ತಿಲಿನ ಅಳತೆ ಬೇಕು, ಉದ್ದ, ಅಗಲ, ಎತ್ತರ ಮೂರೂ, ಮತ್ತೆ ಕಟಿಂಗಿನಲ್ಲಿ ಉಳಿದ ಚಿಂದಿ ಎರಡು ಚೀಲ ಅಂದಳು. ವಾಪಸ್ ಹೋಗಿ ಮಂಡಿಯೂರಿ, ಸೊಂಟ ಅಳೆಯುವ ಟೇಪಿನಲ್ಲಿ ಹೊಸ್ತಿಲು ಅಳೆದೆ. ಮೇಸ್ತ್ರಿ ಹೊಸ್ತಿಲಿಗೆ ಪ್ಯಾಂಟು ಹೊಲಿಸುತ್ತಾನೆ ಅಂತ ಸಾಲೆಲ್ಲ ನಕ್ಕಿತು. ಮಾಲೀಕರ ಹತ್ತಿರ ಹೋಗಿ, ತಪ್ಪು ನನ್ನದು, ವಾರವನ್ನು ಮಂಗಳವಾರದಿಂದ ಲೆಕ್ಕ ಹಿಡಿಯಿರಿ ಅಂತ ಬೇಡಿಕೊಂಡೆ. ಅವರ ಉತ್ತರ ನಿಮಗೇ ಗೊತ್ತು.

ಮಂಗಳವಾರ ಹಂಪಕ್ಕನ ಮಡಿಲಲ್ಲಿ ಕತ್ತೆಯ ಬೆನ್ನಿನ ತಡಿಯಂಥದ್ದೊಂದು ಇತ್ತು. ಜೀನ್ಸ್ ಬಟ್ಟೆಯದು, ನಾಲ್ಕು ಪದರ. ಎರಡು ಕಡೆಗೂ ಇಳಿಜಾರು, ಒಳಗೆ ಚಿಂದಿಯನ್ನು ಕಲ್ಲಿನಂತೆ ಕುಟ್ಟಿ ತುಂಬಿದ್ದಳು. ಅಡಿಯಲ್ಲಿ ಹೊಸ್ತಿಲಿಗೆ ಕವಚದಂತೆ ಕೂರುವ ಪೊಳ್ಳು, ತುದಿಗೊಂದು ಉದ್ದನೆಯ ಪಟ್ಟಿ. ಇಳಿಜಾರು ಏರಿ ನಿಂತಳು. ಮುಂದಕ್ಕೆ ಬಗ್ಗಿ, ಪಟ್ಟಿ ಹಿಡಿದು ಇಳಿಬಿಟ್ಟು ಅದನ್ನು ಹೊಸ್ತಿಲ ಮೇಲೆ ಕೂರಿಸಿದಳು. ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೋಲಿನ ತುದಿ ಹಿಡಿದು ತಳ್ಳಿದಳು. ಗಾಡಿ ಏರಿತು, ಇಳಿಯಿತು. ಒಳಗೆ ಬಂದವಳೇ ಪಟ್ಟಿ ಎಳೆದು ಅದನ್ನು ಮಡಿಲಿಗೆ ಹಾಕಿಕೊಂಡಳು. ಯಾರ ಕೈಯೂ ತಾಕಲಿಲ್ಲ. ಹೊಸ್ತಿಲಿಗೂ ಗಾಲಿ ತಾಕಲಿಲ್ಲ.

ಬುಧವಾರ ಬಂದಳು, ಗುರುವಾರ ಬಂದಳು. ಶುಕ್ರವಾರ ಸಾಕಮ್ಮ ಎಂದಿನಂತೆ ಕುಂಕುಮವಿಟ್ಟು ನಡುವೆ ಒಂದು ಹಿಡಿ ಕನಕಾಂಬರ ಇಟ್ಟಿದ್ದಳು. ಹಂಪಕ್ಕ ಅದರ ಮೇಲೆ ನಿಧಾನವಾಗಿ ಕವಚ ಕೂರಿಸಿ ದಾಟಿದಳು. ಸಾಕಮ್ಮ ಅನುಮಾನದ ಮುದುಕಿ, ಬಗ್ಗಿ ನೋಡಿದಳು. ಹೂವು ಇಟ್ಟಲ್ಲೇ ಇತ್ತು, ಒಂದು ಎಸಳೂ ನಲುಗಿರಲಿಲ್ಲ. ಹೂವಿಗೆ ಅಂತಲೇ ಪೊಳ್ಳನ್ನು ಎರಡು ಬೆರಳು ಎತ್ತರ ಬಿಟ್ಟು ಹೊಲಿದಿದ್ದಳಂತೆ. ನಾನು ಅಳತೆ ಕೊಟ್ಟಿದ್ದು ಕಟ್ಟಿಗೆಯದು ಮಾತ್ರ, ನೋಡಿ. ಸಾಕಮ್ಮ ಆ ಹೂವಿನಲ್ಲಿ ಒಂದೆರಡು ತೆಗೆದು ಅವಳ ಮುಡಿಗೆ ಸಿಕ್ಕಿಸಿದಳು. ನಾನು ಸಾಲಿನ ಯಾರಿಗೋ ಸುಮ್ಮನೆ ಬೈದೆ. ಮಾಲೀಕರು ಶನಿವಾರದವರೆಗೂ ಕಾಯಲಿಲ್ಲ. ನನ್ನ ಕಡೆ ತಿರುಗಿ "ಮಿಷನ್ ಚೂಪಿಂಚಯ್ಯಾ" ಅಂದರು, ಆಕೆಯ ಮಿಷನ್ ತೋರಿಸು ಅಂತ.

ಭಾನುವಾರ ತಮ್ಮ ಹೆಂಡತಿಯ ಜೊತೆ ಬಸ್ಸು ಹತ್ತಿದ. ಹಂಪಕ್ಕ ಬಸ್ ಸ್ಟ್ಯಾಂಡಿನವರೆಗೆ ಗಾಡಿಯಲ್ಲೇ ಹೋಗಿ ಕಳಿಸಿಬಂದಳು. ಸೋಮವಾರ ಮೊದಲ ಸಲ ಒಂದು ಇಡೀ ಪ್ಯಾಂಟು ಅವಳ ಕೈಗೆ ಬಂತು. ಅವಳು ಮೊದಲು ಜೇಬಿಗೆ ಕೈ ಹಾಕಿ ನೋಡಿದಳು.

ಆಮೇಲೆ ನಾನು ಆ ಊರಲ್ಲಿ ಇನ್ನೂ ಏಳೆಂಟು ವರ್ಷ ಇದ್ದೆ. ಅವಳ ಮನೆಯಲ್ಲಿ ಕುಡಿದ ಚಾಕ್ಕೆ ಲೆಕ್ಕವಿಲ್ಲ. ಅವಳನ್ನು ಕಂಡಕಂಡವರ ಮುಂದೆ ಹೊಗಳಿದ್ದೇನೆ, ಈಗ ನಿಮ್ಮ ಮುಂದೆಯೂ ಹೊಗಳುತ್ತಿದ್ದೇನೆ. ಆದರೆ ಇವತ್ತು ಬಡಗಿ ಕೇಳಿದಾಗ ಬಾಯಿ ಕಟ್ಟಿದ್ದು ಯಾಕೆಂದು ಹೇಳಿಬಿಡುತ್ತೇನೆ. ಅಷ್ಟು ವರ್ಷದಲ್ಲಿ ಒಂದು ಸಲವೂ ನಾನು ಅವಳನ್ನು ನನ್ನ ಮನೆಗೆ ಕರೆದಿರಲಿಲ್ಲ. ಬಾಡಿಗೆ ಮನೆ, ಐದು ಮೆಟ್ಟಿಲು, ಮೇಲೊಂದು ಹೊಸ್ತಿಲು. ಪಾಪ, ಅವಳಿಗೆ ಯಾಕೆ ತೊಂದರೆ ಅಂದುಕೊಂಡಿದ್ದೆ. ತೊಂದರೆಯಾ ಅಂತ ಕೇಳಿರಲಿಲ್ಲ.

ಬಡಗಿಗೆ ಒಂದು ಬೀಡಿ ಸೇದಿ ಬಾ ಅಂದು ಫೋನು ತೆಗೆದೆ. ಆ ಕಡೆ ಮಿಷನ್ನಿನ ಸದ್ದು. ಹೊಸ ಮನೆ ಆಗುತ್ತಿದೆ ಅಂದೆ, ಗೃಹಪ್ರವೇಶಕ್ಕೆ ಬರಬೇಕು ಅಂದೆ. ಇಷ್ಟು ವರ್ಷ ಕರೆಯದೇ ಇದ್ದದ್ದು ನನ್ನ ತಪ್ಪು ಅಂತಲೂ ಅಂದೆ. ಅದಕ್ಕೆ ಅವಳು ಮಿಷನ್ ನಿಲ್ಲಿಸಿದಳು. ಅಂಗಳದಿಂದ ಇಳಿಜಾರು ಹಾಕಿಸುತ್ತೇನೆ, ಹೊಸ್ತಿಲನ್ನು ನೆಲಕ್ಕೆ ಸಮ ಮಾಡಿಸಲಾ, ಹೇಗೆ ಇಡಿಸಲಿ, ನೀನೇ ಹೇಳಕ್ಕ ಅಂತ ಕೇಳಿದೆ.

"ಇಳಿಜಾರು ಹಾಕಸ್ರಿ, ಸಾಕು. ಹೊಸ್ತಿಲ ನಿಮ್ಮನಿ ಹೆಣ್ಮಗಳು ಹೆಂಗ ಬೇಕಂತಾಳ ಹಂಗ ಇಡ್ರಿ. ಅಳತಿ ಹೇಳ್ರಿ, ಹೊಲ್ಕೊಂಡು ಬರ್ತೀನಿ."

ಹೆಂಡತಿಯನ್ನು ಕರೆದು, ಎಷ್ಟೆತ್ತರ ಬೇಕು ನೀನೇ ಹೇಳು ಅಂದೆ. ಮದುವೆಯಾದ ಮೂವತ್ತು ವರ್ಷದಲ್ಲಿ ಇಂಥ ಮಾತು ಕೇಳದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾಲ್ಕು ಬೆರಳು ಅಂದಳು. ಬಡಗಿ ಗುರುತು ಹಾಕಿದ. ನಾನು ಹಳೇ ಟೇಪು ಹುಡುಕಿ ತಂದು ಮಂಡಿಯೂರಿ ಉದ್ದ, ಅಗಲ, ಎತ್ತರ ಅಳೆದೆ. ಎತ್ತರಕ್ಕೆ ಹೂವಿನದು ಎರಡು ಬೆರಳು ಸೇರಿಸಿ ಫೋನಿನಲ್ಲಿ ಹಂಪಕ್ಕನಿಗೆ ಹೇಳಿದೆ.