ಅಕ್ಕನ ಎಲೆಗುಡ್ಡೆ

ಅಕ್ಕನ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಕಾಣದ ಹೂಬತ್ತಿಯೊಂದನ್ನು ಹೊಸೆಯುವ ಹಾಗೆ ತೋರುಬೆರಳಿನ ಮೇಲೆ ಉರುಳುತ್ತಲೇ ಇರುತ್ತಿತ್ತು. ಹೊಗೆಸೊಪ್ಪಿನ ಎಲೆ ಕೈಗೆ ಬಂತೋ, ಆ ನಡುಕ ನಿಂತುಬಿಡುತ್ತಿತ್ತು.

ಅವಳು ನನ್ನ ಓರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ಕಾನ್ವೆಂಟಿನಲ್ಲಿ ಓದಿ ಹನಗೋಡು ಕಡೆಯ ಒಕ್ಕಲು ಮನೆಗೆ ಸೊಸೆಯಾಗಿ ಬಂದ ನನಗೆ ಗ್ರೇಡಿಂಗ್ ಕಲಿಸಿದವಳು. ಒಣಗಿದ ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡುವ ಕೆಲಸ ಅದು. ನಿಂಬೆ ಹಳದಿ, ಕಿತ್ತಳೆ, ಕಂದು, ನನಗೆ ಎಲ್ಲ ಒಂದೇ. “ನಿಂದು ಕಾನ್ವೆಂಟ್ ಕಣ್ಣು ಕಣೇ, ಪುಸ್ತಕ ಬುಟ್ಟು ಬ್ಯಾರೇದು ಕಾಣಾಕಿಲ್ಲ,” ಎಂದು ನನ್ನ ಗುಡ್ಡೆ ಕೆದಕಿ ತಪ್ಪೆಲೆಗಳನ್ನು ನನ್ನ ಮಡಿಲಿಗೇ ಎಸೆಯುತ್ತಿದ್ದಳು. ಯಾರ ತಪ್ಪನ್ನೂ ಅವಳು ಸದ್ದಿಲ್ಲದೆ ಸರಿಮಾಡಿದವಳಲ್ಲ.

ಎಲೆ ಒಣಗಿಸುವ ಬ್ಯಾರನ್ನಿನ ಬಾಗಿಲು ತೆರೆದು, ಮೂಸಿಯೇ ಹದ ಹೇಳುತ್ತಿದ್ದಳು. ಒಂದು ವರ್ಷ ನನ್ನನ್ನು ಕರೆದು, “ವಸಿ ಮೂಸಿ ನೋಡೇ, ನಂಗ್ಯಾಕೋ ಗಮ್ಮನ್ನಾಕಿಲ್ಲ,” ಎಂದಳು. ನೆಗಡಿ ಅಂದುಕೊಂಡೆವು. ಕೈ ನಡುಗಲು ಶುರುವಾದದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಪಾರ್ಕಿನ್ಸನ್ಸ್ ಎಂದಾದ ಮೇಲೆ ಅವಳನ್ನು ಮೈಸೂರಿಗೆ ಕರೆದೊಯ್ಯುವ ಡ್ಯೂಟಿ ನನ್ನದು, ಇಂಗ್ಲಿಷ್ ಬಲ್ಲವಳಲ್ಲವೇ. ಡಾಕ್ಟರ್ ವಾಸನೆಯ ಬಗ್ಗೆ ಕೇಳಿದರು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಾರಾ ಎಂದರು, ಹೌದೆಂದೆ. ಗಡಿಯಾರದ ಚಿತ್ರ ಬರೆಸಿದರು. ಅಕ್ಕ ಅಂಕಿಗಳನ್ನೆಲ್ಲ ಒಂದೇ ಮಗ್ಗುಲಿಗೆ ತುಂಬಿದಳು. ಆಮೇಲೆ ಅವರು ನನ್ನೊಬ್ಬಳನ್ನೇ ಕೂರಿಸಿಕೊಂಡರು.

“ಗ್ಯಾರಂಟಿಯಾಗಿ ಪ್ರಿಡಿಕ್ಟ್ ಮಾಡೋಕಾಗಲ್ಲಮ್ಮ. ಆದ್ರೆ ಇವೆಲ್ಲ ಸೇರಿದ್ರೆ ಮುಂದೆ ಬುದ್ಧಿ ಮಂಕಾಗೋ ರಿಸ್ಕ್ ಜಾಸ್ತಿ. ಕೈ ನಡುಕ ನೋಡ್ತಾ ಕೂರಬೇಡಿ. ಅವರಿಗೆ ಚೆನ್ನಾಗಿ ಬರೋ ಕೆಲಸ ಯಾವುದೋ ಅದನ್ನ ವಾಚ್ ಮಾಡಿ. ತಪ್ಪು ಕಂಡ ದಿನವೇ ಹೇಳಿ. ನಡುಕಕ್ಕೆ ಕೊಟ್ಟಿರೋ ಒಂದು ಮಾತ್ರೆ ಆಗ ನಿಲ್ಲಿಸಬೇಕು, ಅದು ತಲೇನ ಇನ್ನಷ್ಟು ಕೆಡಿಸುತ್ತೆ.”

“ಶೂರ್, ಡಾಕ್ಟರ್,” ಎಂದು ಬಂದೆ.

ಮುಂದಿನ ಗ್ರೇಡಿಂಗ್‌ನಲ್ಲಿ ಅವಳ ಹಳದಿ ಗುಡ್ಡೆಯೊಳಗೆ ಒಂದು ಕಂದು ಎಲೆ ಕಂಡಿತು. ಮರುದಿನ ನಾಲ್ಕು. ಉಂಡು ಅವಳು ಅಡ್ಡಾದಾಗ ಅವನ್ನು ಎತ್ತಿ ಬೇರೆ ಗುಡ್ಡೆಗೆ ಹಾಕುತ್ತಿದ್ದೆ. ದಿನಾ ಇದೇ. ಡಾಕ್ಟರಿಗೆ ಫೋನಿನಲ್ಲಿ “ಶಿ ಈಸ್ ಫೈನ್” ಎನ್ನುತ್ತಿದ್ದೆ. ಹೇಳಿಬಿಟ್ಟರೆ ಮನೆಯವರು ಅವಳನ್ನು ಗ್ರೇಡಿಂಗ್ ಚಾಪೆಯಿಂದಲೇ ಎಬ್ಬಿಸಿಬಿಡುತ್ತಾರೆ ಎಂಬ ಭಯ. ನನಗೆ ಸುಸ್ತೂ ಆಗಿತ್ತು, ಸುಳ್ಳೇಕೆ. ಇನ್ನೊಂದು ಕೆಟ್ಟ ಸುದ್ದಿ ಹೊರಲು ತ್ರಾಣವಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮೂಲೆಗೆ ಕೈ ತೋರಿಸಿ, “ಆ ಕರು ಯಾರ್ದೇ? ಎಲೆ ಮ್ಯಾಲೇ ಮಲಗ್ಯದೆ, ಎಬ್ಬುಸು,” ಎಂದಳು. ಅಲ್ಲಿ ಗೋಣಿಚೀಲ ಬಿಟ್ಟರೆ ಏನೂ ಇರಲಿಲ್ಲ. ಅಂದೇ ಡಾಕ್ಟರಿಗೆ ಎಲ್ಲ ಒಪ್ಪಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಮಾತ್ರೆ ಬಿಡಿಸಿದ ಮೇಲೆ ಕರು ಹೋಯಿತು. ಬಣ್ಣಗಳು ಪೂರ್ತಿ ವಾಪಸು ಬರಲಿಲ್ಲ.

ತಲೆ ತಿಳಿಯಾಗಿದ್ದ ಒಂದು ದಿನ ಅವಳೇ ಮಾತು ತೆಗೆದಳು.

“ನಾನ್ ಮಲಗಿದ್ದಾಗ ಎಲೆ ಎತ್ತಿಡ್ತಿದ್ದಲ್ಲ, ನೋಡಿವ್ನಿ ಕಣೇ.”

“ನಿನಗೆ ಬೇಜಾರಾಗುತ್ತೆ ಅಂತ, ಅಕ್ಕ…”

“ನಿನ್ ತಪ್ಪ ನಾನು ಯಾವತ್ತಾರ ಬಚ್ಚಿಟ್ಟಿದ್ನಾ? ಮಡ್ಲಿಗೇ ಎಸೀತಿದ್ದೆ. ನೀನೂ ನಂಗೆ ಅಂಗೇ ಎಸೀಬೇಕಾಗಿತ್ತು.” ನನ್ನ ಮೊಣಕೈ ತಿವಿದು, “ಅದ್ರಲ್ಲೂ ಅರ್ಧ ನೀನೇ ತಪ್ಪು ಗುಡ್ಡೆಗೇ ಹಾಕಿದ್ದೆ, ಬುಡು,” ಎಂದಳು.

ಹೋದ ವರ್ಷ ಅಕ್ಕ ಹೋದಳು. ಈಗ ನಾನು ಬೆಳಿಗ್ಗೆ ಕಾಫಿಪುಡಿ ಡಬ್ಬಿ ತೆರೆದು ಮೊದಲು ಮೂಸುತ್ತೇನೆ. ಸೊಸೆಗೂ ಎಲ್ಲ ಹೇಳಿಟ್ಟಿದ್ದೇನೆ. ಮೊನ್ನೆ ಗ್ರೇಡಿಂಗ್‌ಗೆ ಕೂತಾಗ ಅವಳು ನನ್ನ ಗುಡ್ಡೆಯಿಂದ ಒಂದು ಕಂದು ಎಲೆ ಹೆಕ್ಕಿದಳು. ಅದು ಕಾನ್ವೆಂಟ್ ಕಣ್ಣಿನ ತಪ್ಪೋ, ತಲೆಯದೋ, ನನಗೂ ಗೊತ್ತಿಲ್ಲ. ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿ ಅನುಮಾನಿಸಿದಳು. ಆಮೇಲೆ ಎಲೆಯನ್ನು ನನ್ನ ಮಡಿಲಿಗೆ ಎಸೆದಳು.